ಓಡುವ ಗಾಡಿ, ನಿಂತ ಆಟ

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳು. ಒಂದು ಭಾನುವಾರ ಬೆಳಗ್ಗೆ ನನ್ನ ತರಗತಿಯ ಐದಾರು ಮಂದಿ ಹುಡುಗ ಹುಡುಗಿಯರು ವಿನೋಬನಗರದ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕುಳಿತರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಇನ್ನೂ ದಿನವಿತ್ತು. ಆದರೂ ನಾಟಕದ ಮಾತು ತೆಗೆಯಲು ಬಂದಿದ್ದಾರೆಂದು ಮುಖ ನೋಡಿಯೇ ತಿಳಿಯಿತು.

"ಸಾರ್, ಈ ಸಲ ನಾವು ಸ್ಟೇಜಿನ ಮೇಲೆ ಆಡೋದಿಲ್ಲ. ಬಸ್ಸಿನಲ್ಲೇ ಆಡ್ತೀವಿ," ಎಂದ ಒಬ್ಬ.

ನಾನು ನಕ್ಕೆ. ಭದ್ರಾವತಿಯಿಂದ ದಿನವೂ ಬಂದು ಹೋಗುವ ಹುಡುಗಿಯೊಬ್ಬಳು ನಗಲಿಲ್ಲ. ಬೆಳಗಿನ ಹೊತ್ತು ನಿಲ್ದಾಣದಲ್ಲಿ ಬರಿಯ ಪಾಸಿನ ಮಕ್ಕಳೇ ನಿಂತಿದ್ದರೆ ಬಸ್ಸು ನಿಲ್ಲದೆ ಮುಂದಕ್ಕೆ ಹೋಗುತ್ತದೆಯಂತೆ. ಒಂದಷ್ಟು ದೂರ ಹೋಗಿ, ಇಳಿಯುವವರನ್ನು ಇಳಿಸಿ, ಮಕ್ಕಳು ಓಡಿ ಬರುವುದರೊಳಗೆ ಹೊರಟುಬಿಡುತ್ತದೆಯಂತೆ. "ಅದನ್ನು ನೋಡಿಯೂ ಸುಮ್ಮನೆ ಇರೋರು ಬಸ್ಸಿನೊಳಗೇ ಕೂತಿರ್ತಾರೆ ಸಾರ್. ಅವರು ರಂಗಮಂದಿರಕ್ಕೆ ಬರೋದಿಲ್ಲ. ಅವರಿಗೆ ತೋರಿಸಬೇಕು ಅಂದರೆ ನಾವೇ ಅವರ ಹತ್ತಿರ ಹೋಗಬೇಕಲ್ಲವಾ?"

ಈ ಮಾತಿಗೆ ತಟಕ್ಕನೆ ಉತ್ತರ ಹೊಳೆಯಲಿಲ್ಲ. "ಒಂದು ವಾರ ಕೊಡಿ. ನಮ್ಮ ಹಿಂದಿನವರು ಏನು ಮಾಡಿದ್ದಾರೆ ನೋಡೋಣ," ಎಂದು ಹೇಳಿ, ಕಾಫಿ ಕೊಟ್ಟು ಕಳುಹಿಸಿದೆ. ಆ ಒಂದು ವಾರದ ಓದು ಮತ್ತು ಯೋಚನೆಯ ಫಲವೇ ಈ ಬರಹ.

ಮೇಲುನೋಟಕ್ಕೆ, ರಂಗಮಂಟಪವನ್ನು ಬಿಟ್ಟು ಜನ ಓಡಾಡುವ ಜಾಗದಲ್ಲಿ ನಾಟಕವಾಡುವುದು ಹೊಸ ಕಾಲದ ಹುಚ್ಚಿನಂತೆ ತೋರುತ್ತದೆ. ನಿಜಕ್ಕೂ ಹೊಸದು ರಂಗಮಂಟಪವೇ. ಪರದೆ, ಪಕ್ಕದ ಸೈಡ್‌ವಿಂಗು, ಟಿಕೇಟು, ನಂಬರು ಹಾಕಿದ ಕುರ್ಚಿ, ಇವೆಲ್ಲ ನಮ್ಮಲ್ಲಿಗೆ ಬಂದು ಸುಮಾರು ನೂರೈವತ್ತು ವರ್ಷ ಆಗಿರಬಹುದು. ಅದಕ್ಕೆ ಮುಂಚೆ ಆಟವೇ ಜನರನ್ನು ಹುಡುಕಿಕೊಂಡು ಬರುತ್ತಿತ್ತು.

ಹಗಲುವೇಷದವರನ್ನು ನೆನೆಯಿರಿ. ರಾಮ ಲಕ್ಷ್ಮಣ, ಭೀಮ ದುಶ್ಶಾಸನರ ವೇಷ ಕಟ್ಟಿ, ಹಾರ್ಮೋನಿಯಂ ತಬಲಗಳೊಂದಿಗೆ, ಹಾಡುಹಗಲಿನಲ್ಲಿ ಬೀದಿಯಿಂದ ಬೀದಿಗೆ ನಡೆಯುವ ಈ ಕಲಾವಿದರಿಗೆ ರಂಗವೂ ಇಲ್ಲ, ದೀಪವೂ ಇಲ್ಲ. ಅಂಗಡಿಯ ಮುಂಗಟ್ಟೆ ಅವರ ಅರಮನೆ. ನೀರಿಗೆ ಹೊರಟ ಹೆಂಗಸರು, ತೂಕ ಮಾಡುತ್ತಿದ್ದ ಶೆಟ್ಟರು ಅವರ ಸಭಿಕರು. ಒಂದೂರಿನಲ್ಲಿ ಕೆಲವು ದಿನ ಬೀಡುಬಿಟ್ಟು, ದಿನಕ್ಕೊಂದು ವೇಷ ತೋರಿಸಿ, ಕೊನೆಯ ದಿನ ಕೊಟ್ಟಷ್ಟನ್ನು ಪಡೆದು ಮುಂದಿನೂರಿಗೆ ಹೋಗುವುದು ಅವರ ಪದ್ಧತಿ. ಮೊದಲು ಆಟ, ಆಮೇಲೆ ಕಾಸು. ಬೇಡವಾದವನು ಬಾಗಿಲು ಮುಚ್ಚಿಕೊಂಡರೆ ಅವರು ಮುಂದಿನ ಬಾಗಿಲಿಗೆ ಹೋಗುವರು.

ಕರಾವಳಿಯ ಚಿಕ್ಕಮೇಳದ ರೀತಿಯೂ ಇಂಥದೇ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಭಾಗವತರು, ಮದ್ದಳೆಯವರು, ಒಂದೆರಡು ವೇಷ, ಇಷ್ಟೇ ಮಂದಿ ಸಂಜೆಯ ಹೊತ್ತು ಮನೆಮನೆಗೆ ಹೋಗುತ್ತಾರೆ. ಒಪ್ಪಿದ ಮನೆಯ ಚಾವಡಿಯಲ್ಲಿ ದೀಪದ ಮುಂದೆ ಒಂದು ತುಣುಕು ಪ್ರಸಂಗ. ಅಲ್ಲಿಂದ ಮುಂದಿನ ಮನೆ. ವರ್ಷದ ಉಳಿದ ಕಾಲದಲ್ಲಿ ದೊಡ್ಡ ಮೇಳಗಳು ಊರೂರು ಸುತ್ತುವುದಕ್ಕೆ 'ತಿರುಗಾಟ' ಎಂದೇ ಹೆಸರು. ಘಟ್ಟ ಹತ್ತಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೂ ಬರುವ ಮೇಳಗಳನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಪರಿಚಯಿಸಬೇಕಾಗಿಲ್ಲ. ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಕಾಲುದಾರಿಯಲ್ಲಿ ನಡೆಯುತ್ತಿದ್ದವರು ಮುಂದೆ ಮೋಟಾರು ಹತ್ತಿದರು. 'ತಿರುಗಾಟ' ಎಂಬ ಮಾತು ಹಾಗೆಯೇ ಉಳಿಯಿತು.

ಇನ್ನು ರೈಲು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ತುಮಕೂರಿನ ಆಚೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ 1884ರಲ್ಲಿಯೇ. ರೈಲಿನಿಂದ ಕಂಪನಿ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ರೈಲಿಲ್ಲದೆ ಕಂಪನಿ ನಾಟಕ ಅಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಪರದೆಗಳ ಸುರುಳಿ, ಸಿಂಹಾಸನ, ಕಿರೀಟದ ಪೆಟ್ಟಿಗೆ, ಅಡುಗೆಯ ಪಾತ್ರೆ, ನಟರ ಹೆಂಡಿರು ಮಕ್ಕಳು, ಇಷ್ಟನ್ನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಎಷ್ಟು ದೂರ ಹೋದಾರು? ಗುಬ್ಬಿ ವೀರಣ್ಣನವರ ಕಾಲದಲ್ಲಿ ಆ ವೈಭವ ಶಿಖರ ಮುಟ್ಟಿತು. 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದವು. ಇಂಥ ಸಂಸಾರ ಊರಿಂದೂರಿಗೆ ಕದಲುವುದೆಂದರೆ ಸೈನ್ಯ ಕದಲಿದಂತೆ.

ಬೀರೂರಿನಿಂದ ನಮ್ಮ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಗ ಭದ್ರಾವತಿಗೆ ಬೆಂಕಿಪುರವೆಂದು ಹೆಸರು. ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಲು ಇನ್ನೂ ಕಾಲು ಶತಮಾನ ಬಾಕಿಯಿತ್ತು. ಹಳಿ ಬಂದ ಊರಿಗೆ ನಾಟಕದ ಕ್ಯಾಂಪು ಬರುವ ದಾರಿಯೂ ತೆರೆಯಿತು. ಕ್ಯಾಂಪು ಹಾಕಿದ ಕಂಪನಿಯವರು ಜಟಕಾ ಗಾಡಿಯಲ್ಲಿ ಬ್ಯಾಂಡು ಬಾರಿಸುತ್ತ, ಬಣ್ಣದ ಹ್ಯಾಂಡ್‌ಬಿಲ್ಲು ತೂರುತ್ತ ಊರು ಸುತ್ತುವರು. ಹುಡುಗರು ಗಾಡಿಯ ಹಿಂದೆ ಓಡುವರು. ಅಲ್ಲಿಗೂ ಒಂದು ವ್ಯತ್ಯಾಸವಾಯಿತೆಂಬುದನ್ನು ಗಮನಿಸಬೇಕು. ಜಟಕಾ ಬೀದಿಗೆ ಬಂದದ್ದು ಆಟ ತೋರಿಸುವುದಕ್ಕಲ್ಲ, ಆಟಕ್ಕೆ ಕರೆಯುವುದಕ್ಕೆ. ಕಾಸಿದ್ದವನು ಕುರ್ಚಿಗೆ, ಕಡಿಮೆಯಿದ್ದವನು ನೆಲಕ್ಕೆ, ಇಲ್ಲದವನು ತಡಿಕೆಯ ಹೊರಗೆ. ಗಾಡಿ ನಾಟಕವನ್ನು ದೂರದೂರಿಗೆ ಒಯ್ದಿತು ನಿಜ. ಬೀದಿಯವನಿಂದ ಒಂದು ತಡಿಕೆಯಷ್ಟು ದೂರವೂ ಒಯ್ದಿತು.

ಈ ತಡಿಕೆ ತೆಗೆಯುವ ಯೋಚನೆ ಮೊದಲು ಮೂಡಿದ್ದು ಬರಹದಲ್ಲಿ ಎನ್ನಬಹುದು. ನಮ್ಮ ಜಿಲ್ಲೆಯ ಕುವೆಂಪು ಅವರ 'ಜಲಗಾರ' ನಾಟಕದಲ್ಲಿ ಶಿವ ಗುಡಿಯೊಳಗೆ ಸಿಕ್ಕುವುದಿಲ್ಲ; ಬೀದಿ ಗುಡಿಸುವವನ ಬಳಿಗೆ, ಬೀದಿ ಗುಡಿಸುವವನಾಗಿ ಬರುತ್ತಾನೆ. ದೇವರೇ ಬೀದಿಗಿಳಿದ ಮೇಲೆ ನಾಟಕ ಎಷ್ಟು ಕಾಲ ಮಂದಿರದಲ್ಲಿ ಕುಳಿತೀತು?

ಅದು ಬೀದಿಗಿಳಿದದ್ದು ಎಪ್ಪತ್ತರ ದಶಕದಲ್ಲಿ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಕಲಾಕ್ಷೇತ್ರದ ಹಿತ್ತಿಲ ಬಯಲಿನಲ್ಲಿ ಮೂರು ನಾಟಕಗಳನ್ನು ಆಡಿಸಿ, ಛಾವಣಿಯಿಲ್ಲದೆಯೂ ರಂಗವಾಗುತ್ತದೆಂದು ನಗರದವರಿಗೆ ನೆನಪಿಸಿದರು. 1975ರಲ್ಲಿ, ದೇಶಕ್ಕೆ ತುರ್ತುಪರಿಸ್ಥಿತಿ ಬಂದ ವರ್ಷವೇ, 'ಸಮುದಾಯ' ತಂಡ ಹುಟ್ಟಿತು. ಪ್ರಸನ್ನ ಅದರ ಮುಂದಾಳುಗಳಲ್ಲೊಬ್ಬರು. ಬಂಗಾಳದ ಬಾದಲ್ ಸರ್ಕಾರ್ ಆ ದಶಕದ ಕೊನೆಯಲ್ಲಿ ಕರ್ನಾಟಕಕ್ಕೆ ಬಂದು ಶಿಬಿರ ನಡೆಸಿದರು. ದೀಪ, ಪರದೆ, ಬಣ್ಣ, ದುಬಾರಿ ಸಲಕರಣೆಗಳನ್ನೆಲ್ಲ ಬಿಟ್ಟು, ನಟನ ಮೈ ಮತ್ತು ದನಿಯನ್ನಷ್ಟೇ ನಂಬಿ, ನೋಡುವವನ ಪಕ್ಕದಲ್ಲಿಯೇ ನಿಂತು ಆಡುವುದು ಅವರ 'ಮೂರನೆಯ ರಂಗಭೂಮಿ'ಯ ತತ್ತ್ವ. ಇದನ್ನು ಒಪ್ಪಿಕೊಂಡ ಮೇಲೆ ಲಾರಿಯ ತುಂಬ ಪರದೆ ಸಾಗಿಸುವ ಅಗತ್ಯವೇ ಇಲ್ಲ. ನಟರು ಬಸ್ಸು ಹತ್ತಿದರೆ ನಾಟಕವೇ ಬಸ್ಸು ಹತ್ತಿದಂತೆ.

1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ಹನ್ನೊಂದು ಮಂದಿಯನ್ನು, ಅವರಲ್ಲಿ ಹೆಚ್ಚಿನವರು ದಲಿತರು, ಕೊಂದು ಬೆಂಕಿಗೆ ಹಾಕಿದರು. ಆಗಸ್ಟಿನ ಮಳೆಯಲ್ಲಿ ದಾರಿ ಕೆಟ್ಟು, ಜೀಪು ಮುಂದೆ ಹೋಗದೆ, ಇಂದಿರಾ ಗಾಂಧಿಯವರು ಆನೆಯ ಮೇಲೆ ಕುಳಿತು ಆ ಊರಿಗೆ ಹೋದದ್ದನ್ನು ಹಿರಿಯ ಓದುಗರು ಮರೆತಿರಲಾರರು. ಆ ಆನೆಯ ಚಿತ್ರ ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಸತ್ತವರ ಸುದ್ದಿಯನ್ನು ಕನ್ನಡನಾಡಿನ ಬೀದಿಬೀದಿಗೆ ಹೊತ್ತದ್ದು ಸಮುದಾಯದ 'ಬೆಲ್ಚಿ' ಬೀದಿನಾಟಕ. ಸಿ.ಜಿ. ಕೃಷ್ಣಸ್ವಾಮಿಯವರು ಆಡಿಸಿದ ಆ ನಾಟಕಕ್ಕೆ ಬೇಕಾದದ್ದು ಒಂದು ವೃತ್ತದಷ್ಟು ಜಾಗ. 1979ರಲ್ಲಿ ಸಮುದಾಯ ಜಾಥಾ ಹೊರಟಿತು. ಜನ ತಾವಾಗಿಯೇ ಸೇರುವ ಕಡೆ ವಾಹನ ನಿಲ್ಲಿಸಿ, ತಮಟೆ ಬಾರಿಸಿ, ಆಡಿ, ಮತ್ತೆ ವಾಹನ ಹತ್ತುವುದು ಅದರ ಕ್ರಮ. ಹಗಲುವೇಷದ ದಾರಿಗೆ ಹೊಸ ಕಾಲದವರು ಮರಳಿದ್ದರು.

ಅದೇ 1979ರಲ್ಲಿ ದಿಲ್ಲಿಯಲ್ಲಿ ಸರ್ಕಾರಿ ಬಸ್ಸಿನ ದರ ಏರಿತು. ಸಫ್ದರ್ ಹಾಶ್ಮಿ ಮತ್ತು ಗೆಳೆಯರ ಜನ ನಾಟ್ಯ ಮಂಚ್ 'ಡಿಟಿಸಿ ಕೀ ಧಾಂಧಲಿ' ಎಂಬ ಕಿರುನಾಟಕವನ್ನು ಕಟ್ಟಿ, ಬಸ್ಸಿಗಾಗಿ ಕಾದು ನಿಂತ ಜನರ ಮುಂದೆಯೇ ಆಡಿತು. ಬಸ್ಸಿನ ನಾಟಕಕ್ಕೆ ಇದಕ್ಕಿಂತ ತಕ್ಕ ಜಾಗ ಎಲ್ಲಿದೆ? ಟಿಕೇಟಿನ ಹಣವನ್ನು ಕೈಯಲ್ಲಿ ಎಣಿಸುತ್ತ ನಿಂತವನಿಗೆ ಕಥೆಯನ್ನು ವಿವರಿಸಬೇಕಾಗಿಲ್ಲ. ಇಂಥ ಆಟಕ್ಕೆ ತೆತ್ತ ಬೆಲೆಯೂ ದೊಡ್ಡದು. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ನಾಟಕದ ನಡುವೆ ಸಫ್ದರ್ ಅವರ ಮೇಲೆ ಹಲ್ಲೆಯಾಯಿತು. ಮರುದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ಮಡದಿ ಮೊಲೊಯಶ್ರೀ ಹಾಶ್ಮಿಯವರೂ ತಂಡದವರೂ ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ಅದೇ ನಾಟಕವನ್ನು ಆಡಿ ಮುಗಿಸಿದರು. ಯಾವ ಮಂದಿರದಲ್ಲಿ ಆಡಿದ್ದರೂ ಅದು ಶೋಕಸಭೆಯಾಗುತ್ತಿತ್ತು; ಅಲ್ಲಿ ಆಡಿದ್ದರಿಂದ ಉತ್ತರವಾಯಿತು.

ನಮ್ಮ ಜಿಲ್ಲೆಗೆ ಮರಳೋಣ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ, 1985ರಲ್ಲಿ ತನ್ನ ಸಂಚಾರಿ ತಂಡವನ್ನು ಕಟ್ಟಿದಾಗ, ಕೆ.ವಿ. ಸುಬ್ಬಣ್ಣನವರಿದ್ದ ಆ ಸಂಸ್ಥೆ ಅದಕ್ಕೆ ಇಟ್ಟ ಹೆಸರು ಯಕ್ಷಗಾನದವರದೇ: 'ತಿರುಗಾಟ'. ವರ್ಷವರ್ಷವೂ ಹೊಸ ನಾಟಕಗಳನ್ನು ಹೊತ್ತು ನಾಡು ಸುತ್ತುವ ಆ ತಂಡವನ್ನು ಕಾಣದ ಊರು ಕಡಿಮೆ. ಶಿವಮೊಗ್ಗ–ತಾಳಗುಪ್ಪ ರೈಲುದಾರಿಯ ಅರಸಾಳು ನಿಲ್ದಾಣದ ಕಥೆ ಇನ್ನೊಂದು ಬಗೆಯದು. ರಂಗಭೂಮಿಯಿಂದ ಬಂದ ಶಂಕರ್ ನಾಗ್, ಆರ್.ಕೆ. ನಾರಾಯಣರ 'ಮಾಲ್ಗುಡಿ ಡೇಸ್' ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದಾಗ, ಕಾಡಿನ ನಡುವಿನ ಈ ಪುಟ್ಟ ನಿಲ್ದಾಣವೇ ಮಾಲ್ಗುಡಿಯ ನಿಲ್ದಾಣವಾಯಿತು. 2020ರಲ್ಲಿ ಆ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಅಣಿಗೊಳಿಸಿದರು. ಒಂದು ಕಾಲಕ್ಕೆ ಅಲ್ಲಿಂದ ಬೇರೆಲ್ಲಿಗೋ ಹೋಗಲು ಜನ ಬರುತ್ತಿದ್ದರು. ಈಗ ಅಲ್ಲಿಗೇ ಬರುತ್ತಾರೆ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಗಾಡಿ ಹೊತ್ತ ನಾಟಕ, ಇಲ್ಲವೆ ಗಾಡಿ ನಿಂತ ಕಡೆ ಆಡಿದ ನಾಟಕ. ಓಡುವ ಗಾಡಿಯ ಒಳಗಿನ ಆಟ ಇದಕ್ಕಿಂತ ಬೇರೆ. ರಷ್ಯದಲ್ಲಿ ಕ್ರಾಂತಿಯಾದ ಮರುವರ್ಷ, 1918ರಿಂದ, ಬಣ್ಣಬಣ್ಣದ ಚಿತ್ರ ಬರೆದ ಪ್ರಚಾರದ ರೈಲುಗಳು ಸಿನಿಮಾ, ಮುದ್ರಣಯಂತ್ರ, ಭಾಷಣಕಾರರನ್ನು ಹೊತ್ತು ದೇಶ ಸುತ್ತಿದವು. ಅವೂ ನಿಲ್ದಾಣದಲ್ಲಿ ನಿಂತೇ ಜನರನ್ನು ಸೇರಿಸಿದವು. ನಿಜವಾಗಿ ಗಾಡಿಯೊಳಗೆ ಹೊಕ್ಕವರಲ್ಲಿ ಹೆಸರಾದವರು ಬ್ರೆಜಿಲಿನ ಆಗಸ್ಟೋ ಬೋಆಲ್. ದೇಶ ಬಿಡಬೇಕಾಗಿ ಬಂದು ಪ್ಯಾರಿಸಿನಲ್ಲಿದ್ದಾಗ ಅವರು ಅಲ್ಲಿಯ ಮೆಟ್ರೋ ರೈಲಿನಲ್ಲಿ 'ಅದೃಶ್ಯ ರಂಗಭೂಮಿ'ಯ ಪ್ರಯೋಗ ಮಾಡಿದರು. ನಟನೊಬ್ಬ ನಟಿಯೊಬ್ಬಳನ್ನು ಪೀಡಿಸುವುದು, ಸುತ್ತಲಿನವರು ಏನು ಮಾಡುತ್ತಾರೆಂದು ಕಾಯುವುದು. ಇದು ನಾಟಕವೆಂದು ಪ್ರಯಾಣಿಕರಿಗೆ ತಿಳಿಯಗೊಡುವುದಿಲ್ಲ. ತಿಳಿದರೆ ಅವರು ಪ್ರೇಕ್ಷಕರಾಗಿಬಿಡುತ್ತಾರೆ, ತಿಳಿಯದಿದ್ದರೆ ಮಾತ್ರ ಮನುಷ್ಯರಾಗಿ ಉಳಿಯುತ್ತಾರೆ ಎಂಬುದು ಅವರ ನಂಬಿಕೆ. ಬುದ್ಧಿಗೆ ಮೆಚ್ಚಿಕೆಯಾಗುವ ಉಪಾಯ. ಆದರೂ ನನ್ನ ಮನಸ್ಸು ಒಪ್ಪದು. ಬೀದಿಯಲ್ಲಿ ಬೇಡವಾದವನು ನಡೆದುಹೋಗಬಲ್ಲ. ಓಡುವ ಗಾಡಿಯಲ್ಲಿ ಕುಳಿತವನು ಎಲ್ಲಿಗೆ ಹೋಗಬೇಕು?

ಇಲ್ಲಿ ನನಗೆ ನೆನಪಾಗುವುದು ಬಾಲ್ಯದ ಒಂದು ದನಿ. ಆಗ ಸಾಗರದ ದಾರಿಯಲ್ಲಿ ಇನ್ನೂ ಮೀಟರ್‌ಗೇಜ್ ಗಾಡಿ. ಅಜ್ಜನ ಮನೆಗೆ ಹೋಗುವಾಗ ಒಬ್ಬ ಕುರುಡ ಹಾಡುಗಾರ ಹತ್ತುತ್ತಿದ್ದ. ಬಾಗಿಲ ಬಳಿ ನಿಂತು ದಮಡಿಯನ್ನು ಎರಡು ಸಲ ಮೆಲ್ಲಗೆ ತಟ್ಟಿ, "ಹಾಡಬಹುದಾ ಅಣ್ಣಾ, ಯಾರಾದ್ರೂ ಮಲಗಿದಾರಾ?" ಎಂದು ಕೇಳುತ್ತಿದ್ದ. ಯಾರೋ "ಹಾಡಪ್ಪಾ" ಎಂದ ಮೇಲೆ ದಾಸರ ಪದ ಎತ್ತುವನು. ಒಮ್ಮೆ ನನ್ನ ಅಜ್ಜಿ, "ಮಗೀಗೆ ಜ್ವರ ಕಣಪ್ಪಾ" ಎಂದಾಗ, "ಆಗ್ಲಿ ತಾಯಿ" ಎಂದು ಅವನು ಗೋಡೆ ಹಿಡಿದುಕೊಂಡು ಆಚೆ ಸರಿದ. ಜ್ವರ ಬಂದಿದ್ದ ಆ ಮಗು ನಾನೇ.

ನಮ್ಮ ನಾಡಿನಲ್ಲಿ ಓಡುವ ಗಾಡಿಯ ಕಲೆ ಎಂಬುದೊಂದಿದ್ದರೆ ಅದು ಇಂಥವರದು. 1989ರ ರೈಲ್ವೆ ಕಾಯಿದೆ ಗಾಡಿಯಲ್ಲಿ ಬೇಡುವುದನ್ನು ನಿಷೇಧಿಸಿದೆ. ಹಾಡಿ ಕೈಚಾಚಿದವನೂ ಬೇಡುವವನ ಲೆಕ್ಕಕ್ಕೇ ಸೇರಿಬಿಡುತ್ತಾನೆ. 2002ರ ಮೆಟ್ರೋ ರೈಲ್ವೆ ಕಾಯಿದೆ ಯಾವ ಬಗೆಯ ಪ್ರತಿಭಟನಾ ಪ್ರದರ್ಶನಕ್ಕೂ ಅಲ್ಲಿ ಎಡೆಯಿಲ್ಲವೆನ್ನುತ್ತದೆ. ಇತ್ತ ಬೆಂಗಳೂರಿನಲ್ಲಿ 2014ರ ಸುಮಾರಿಗೆ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು ಮೆಟ್ರೋ ಆಡಳಿತದ ಒಪ್ಪಿಗೆ ಪಡೆದು ಪೀಣ್ಯದ ನಿಲ್ದಾಣದಲ್ಲಿ, ಮುಂದೆ ಕಬ್ಬನ್ ಪಾರ್ಕಿನಲ್ಲಿ, ಕಲೆಯ ಕೆಲಸ ಆರಂಭಿಸಿದರು. ಒಳ್ಳೆಯದೇ. ಆದರೆ ಓದಿದವರು ಮಾಡಿದರೆ ಪ್ರಯೋಗ, ಹಸಿದವನು ಮಾಡಿದರೆ ಅಪರಾಧ ಎಂಬ ಲೆಕ್ಕ ನನಗೆ ಸರಿಬೀಳದು. ಒಪ್ಪಿಗೆಯ ಕಾಗದವನ್ನು ಆಡಳಿತದಿಂದ ಪಡೆಯುವುದು ನಮಗೆ ಗೊತ್ತು. ಪ್ರಯಾಣಿಕನನ್ನೇ ಕೇಳುವುದು ಆ ಕುರುಡನಿಗೆ ಗೊತ್ತಿತ್ತು.

ವಾರ ಕಳೆದು ಹುಡುಗರು ಬಂದಾಗ ಇಷ್ಟನ್ನೂ ಹೇಳಿದೆ. ಅವರು ಕೇಳಿದರು, ಆದರೂ ಒಂದು ಸಲ ಬಸ್ಸಿನಲ್ಲಿ ಆಡಿಯೇ ನೋಡುತ್ತೇವೆಂದರು. ಒಬ್ಬ ಕಂಡಕ್ಟರು, "ಐದು ನಿಮಿಷ ಅಷ್ಟೇ ನೋಡಿ ಮೇಷ್ಟ್ರೇ," ಎಂದು ಒಪ್ಪಿದ. ಪೊಲೀಸ್ ಚೌಕಿಯ ನಿಲ್ದಾಣದಲ್ಲಿ ಹತ್ತಿದೆವು. ಹುಡುಗರು ದನಿಯೆತ್ತಿ ಆರಂಭಿಸಿದರು. ಕೆಲವರು ನಕ್ಕರು, ಕೆಲವರು ಮೊಬೈಲು ಎತ್ತಿ ಹಿಡಿದರು. ಎರಡನೆಯ ನಿಲ್ದಾಣ ದಾಟುವುದರೊಳಗೆ, ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಕವರು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ ವಯಸ್ಸಾದ ಹೆಂಗಸು ಹಿಂದಿನ ಸೀಟಿನಿಂದ ಹೇಳಿದಳು: "ಸ್ವಲ್ಪ ಸುಮ್ನಿರಿ ಮಕ್ಳಾ. ನಂಗೆ ಇವತ್ತು ಎಂತದೂ ಕೇಳೋಕೆ ಆಗ್ತಿಲ್ಲ."

ಹುಡುಗರು ತಕ್ಷಣ ನಿಲ್ಲಿಸಿದರು. ಅವರು ನಿಲ್ಲಿಸಿದ ರೀತಿ ನನಗೆ ಅವರ ನಟನೆಗಿಂತ ಹೆಚ್ಚು ಮೆಚ್ಚಿಕೆಯಾಯಿತು. ಭದ್ರಾವತಿಯ ಹುಡುಗಿ ಆಕೆಯ ಪಕ್ಕದಲ್ಲಿ ಹೋಗಿ ಕುಳಿತಳು. ಇಳಿಯುವವರೆಗೂ ಇಬ್ಬರೂ ಏನೋ ಮಾತನಾಡುತ್ತಿದ್ದರು.

ಮುಂದಿನ ವಾರ ಅದೇ ನಾಟಕವನ್ನು ನಿಲ್ದಾಣದಲ್ಲಿ ಆಡಿದರು. ಬಸ್ಸು ನಿಲ್ಲದೆ ಹೋಗುವ ಕಥೆಯನ್ನು ಬಸ್ಸಿಗೆ ಕಾಯುವವರ ನಡುವೆ. ಮೊದಲು ಒಬ್ಬಳು ಬಂದು, "ಹತ್ತು ನಿಮಿಷದ ಆಟ ಇದೆ, ಆಡಬಹುದಾ?" ಎಂದು ಕೇಳಿದಳು. ಆಡಬಹುದೆಂದರು. ಸಭೆ ಒಂದೇ ಸಮ ಇರಲಿಲ್ಲ. ಬಸ್ಸು ಬಂದಂತೆಲ್ಲ ನಾಲ್ಕು ಮಂದಿ ಹೋಗಿ ಆರು ಮಂದಿ ಇಳಿಯುತ್ತಿದ್ದರು. ಪೂರ್ತಿ ನಾಟಕ ನೋಡಿದವರು ನನ್ನನ್ನು ಬಿಟ್ಟರೆ ಪಕ್ಕದ ಹೂವಿನ ಅಂಗಡಿಯಾಕೆ ಒಬ್ಬಳೇ ಇರಬೇಕು. ಒಬ್ಬ ಗುಮಾಸ್ತರು ನಾಟಕದ ನಡುವೆಯೇ ತಮ್ಮ ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ, "ಆಮೇಲೇನಾಯ್ತಮ್ಮಾ?" ಎಂದು ಕೂಗಿದರು. "ನಾಳೆ ನೀವೇ ನೋಡಿ ಹೇಳಿ ಸಾರ್!" ಎಂದು ಹುಡುಗಿ ಕೂಗಿದಳು. ಅದು ಬರೆದ ಮಾತಾಗಿರಲಿಲ್ಲ.

ನಾನು ಮನೆಗೆ ನಡೆದೇ ಬಂದೆ. ನಮ್ಮ ಬಡಾವಣೆ ಹೊತ್ತಿರುವುದು, 1951ರಿಂದ ಹದಿಮೂರು ವರ್ಷ ಕಾಲ್ನಡಿಗೆಯಲ್ಲಿಯೇ ದೇಶ ಸುತ್ತಿ, ಊರೂರಿನಲ್ಲಿ ನಿಂತು ಕೇಳಿದ ಒಬ್ಬರ ಹೆಸರನ್ನು. ಕೊಡಲೊಲ್ಲದವನನ್ನು ಅವರು ಬಲವಂತ ಮಾಡುತ್ತಿರಲಿಲ್ಲ. ಆ ಹೆಸರಿನ ಬೀದಿಯಲ್ಲಿ ಆಟವಾಡುವವರಿಗೆ ಅಷ್ಟು ಮರ್ಯಾದೆ ಬೇಡವೆ?

ಪಾಸಿನ ಮಕ್ಕಳಿಗೆ ಬಸ್ಸು ನಿಲ್ಲುತ್ತಿದೆಯೇ ಎಂದು ಓದುಗರು ಕೇಳಬಹುದು. ಒಂದೊಂದು ದಿನ ನಿಲ್ಲುತ್ತದೆಯಂತೆ. ನಿಲ್ಲದ ದಿನ ಒಳಗಿನಿಂದ ಯಾರಾದರೂ ಒಬ್ಬರು, "ಮಕ್ಳು ನಿಂತಿದಾವೆ, ನಿಲ್ಸಯ್ಯಾ," ಎನ್ನುವುದುಂಟಂತೆ. ಆಟ ಅಷ್ಟು ಮಾಡಿದ್ದರೆ ನನಗೆ ಸಾಕು.